ಪಕ್ಕದ ತೊಟ್ಟಿಯವು

ಮೀನಿನ ಶೆಡ್ಡು
ಮಾರ್ಚ್ ೧೧, ಮಂಗಳವಾರ

ಮುದ್ದು ಮಗಳೇ,

ಕೆಮ್ಮು ನಿಂತಿತೇ? ಹಾಸ್ಟೆಲಿನಲ್ಲಿ ಬಿಸಿನೀರು ಕೇಳಿ ಕುಡಿ, ಸಂಕೋಚಪಡಬೇಡ. ಆ ಸಂಕೋಚ ನನ್ನ ಕಡೆಯಿಂದ ಬಂದದ್ದು. ನಾನು ಚೆನ್ನಾಗಿದ್ದೇನೆ. ಅಪ್ಪ ಹೋಗಿ ಇಂದಿಗೆ ಮೂವತ್ತೊಂದು ದಿನ. ಅಳು ಬರುತ್ತಿಲ್ಲ. ಏಳುತ್ತೇನೆ, ಗಾಳಿಯ ಪಂಪು ನೋಡುತ್ತೇನೆ, ಉಣ್ಣುತ್ತೇನೆ. ಕವನ ಸಂಕಲನ ತೆರೆದರೆ ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುತ್ತವೆ, ಸಾಲಾಗುವುದಿಲ್ಲ. ಅಪ್ಪನ ರಬ್ಬರ್ ಬೂಟು ನನಗೆ ದೊಡ್ಡದು. ಆದರೂ ಅದನ್ನೇ ಹಾಕಿಕೊಂಡು ಓಡಾಡುತ್ತೇನೆ.

ನಿನ್ನ ಪ್ರಯೋಗದ ಆರು ತೊಟ್ಟಿಗಳೂ ಶುಚಿಯಾಗಿವೆ. ಮೊದಲು ನನ್ನದು ತೂಕ ಹಾಕುವ ಕೆಲಸ ಮಾತ್ರ. ಈಗ ಅಪ್ಪನ ಮೇವಿನ ಕೆಲಸವೂ ನನ್ನದೇ. ನಿನ್ನ ಚೀಟಿಯಂತೆ ಎಡಗಡೆಯ ಮೂರಕ್ಕೆ ನೀಲಿ ಡಬ್ಬಿಯ, ನ್ಯಾನೊ ಸೆಲೆನಿಯಂ ಬೆರೆಸಿದ ಮೇವು. ಬಲಗಡೆಯ ಮೂರಕ್ಕೆ ಬಿಳಿ ಡಬ್ಬಿಯ ಬರೀ ಮೇವು. ಕಣ್ಣಿಗೆ ಕಾಣದ ಆ ಕಣಗಳಿಂದ ಮೀನು ಬೇಗ ಬೆಳೆಯುತ್ತದೆ, ರೋಗ ತಡೆದುಕೊಳ್ಳುತ್ತದೆ ಎಂದು ನೀನು ವಿವರಿಸಿದಾಗ ಅಪ್ಪ ಅಂದದ್ದು ನೆನಪಿದೆಯೇ? "ಅಲ್ಲಮ್ಮ, ಇವಕ್ಕೆ ಮಾತ್ರ ಟಾನಿಕ್ಕು, ಅವೇನು ಪಾಪ ಮಾಡಿದ್ವು? ನೋಡ್ತಾ ಇರ್ತಾವೆ." ಅವಕ್ಕೂ ಕೊಟ್ರೆ ಪ್ರಯೋಗವೇ ಕೆಡುತ್ತೆ ಎಂದು ನೀನು ಗದರಿದೆ. "ಸರಿ ಮೇಡಂ" ಅಂದರು. ನಿನ್ನ ಗಂಟಲು ನೋವಿಗೆ ವೈದ್ಯರು ಐಸ್‌ಕ್ರೀಂ ಬೇಡವೆಂದಾಗಲೂ ಹೀಗೇ "ಸರಿ ಡಾಕ್ಟ್ರೇ" ಅಂದು, ದಾರಿಯಲ್ಲೇ ಕೊಡಿಸಿದ್ದರು.

ನಾಲ್ಕು ತಿಂಗಳಾದರೂ ಎರಡೂ ಕಡೆಯ ತೂಕ ಒಂದೇ, ಕಣಗಳಿಂದ ಪ್ರಯೋಜನವಿಲ್ಲ ಎಂದೇ ಪ್ರಬಂಧ ಮುಗಿಸುತ್ತಿದ್ದೇನೆ, ತಿಂಗಳ ಕೊನೆಗೆ ಸಲ್ಲಿಸುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದೆ. ನಿನ್ನ ದನಿ ಇಳಿದಿತ್ತು. ನಾನು ಹೂಂ ಅಂದೆ, ಅಷ್ಟೇ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ರೆ ಬರಲಿ ನಿನಗೆ.

ನಿನ್ನ
ಅಮ್ಮ

ತಾ.ಕ.: ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅಪ್ಪ ಹೋದ ಮೇಲೆ ಎರಡು ಸಲ ತೂಕ ಹಾಕಿದೆ, ಆ ಲೆಕ್ಕ ನಿನಗಿನ್ನೂ ಕಳಿಸಿಲ್ಲ. ಎಡಗಡೆಯವು ಎಂದಿನಂತೆ ಬೆಳೆದಿವೆ. ಬಲಗಡೆಯವು ಎರಡೂ ಸಲ ಹಿಂದೆ ಬಿದ್ದಿವೆ. ನೀಲಿ ಡಬ್ಬಿಯ ತಳ ಆಗಲೇ ಕಾಣುತ್ತಿದೆ, ಬಿಳಿಯದು ಹೆಚ್ಚುಕಡಿಮೆ ತುಂಬಿದೆ. ಅಪ್ಪ ಆರಕ್ಕೂ ನೀಲಿಯದನ್ನೇ ಹಾಕುತ್ತಿದ್ದರು. ಪ್ರಬಂಧ ಸಲ್ಲಿಸಬೇಡ. ಹೊಸ ಮರಿ ತಂದು ಮೊದಲಿನಿಂದ ಶುರುಮಾಡೋಣ, ಮೇವು ನಾನು ಹಾಕುತ್ತೇನೆ. ಇಂದು ಬೆಳಗ್ಗೆ ಬೂಟಿನ ಸದ್ದಿಗೆ ಬಲಗಡೆಯವು ಮೇಲೆ ಬಂದು ಬಾಯಿ ತೆರೆದು ನಿಂತವು. ನಾನು ಬಿಳಿ ಡಬ್ಬಿಯನ್ನೇ ತೆರೆದೆ. ನೋಡುತ್ತಲೇ ಇದ್ದವು.