ಹುಣಸೆಹಣ್ಣಿನಲ್ಲಿ ತೊಳೆದ ಪದಕ

ಶಿರಾಲಿ, ಮಂಗಳವಾರ

ಮುದ್ದು ಅಮ್ಮ,

ನನ್ನ ಮಾವ ಏನು ಸಂಗ್ರಹಿಸುತ್ತಾರೆ ಗೊತ್ತೇ? ಷೇರು ವ್ಯಾಪಾರದ ಹುಚ್ಚನ್ನು ಗೇಲಿ ಮಾಡಲು ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಅಚ್ಚು ಹಾಕಿದ ತಾಮ್ರದ ಪದಕಗಳನ್ನು! ನನಗೂ ಒಂದನ್ನು ನೋಡಲು ಕೊಟ್ಟರು. ಒಂದು ಬದಿಯಲ್ಲಿ ಷೇರು ಕೊಂಡವನು ಗಾಳಿ ತುಂಬಿದ ಚೀಲದ ಮೇಲೆ ರಾಜನಂತೆ ಕೂತಿದ್ದಾನೆ, ಇನ್ನೊಂದು ಬದಿಯಲ್ಲಿ ಚೀಲ ಒಡೆದು ಅವನ ಚಲ್ಲಣವೂ ಹೋಗಿದೆ. ಎಷ್ಟು ಇಷ್ಟವಾಯಿತೆಂದರೆ, ದೇವರ ದೀಪಗಳ ಜೊತೆ ಅದನ್ನೂ ನೀನು ಕಟ್ಟಿಕೊಟ್ಟ ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿಟ್ಟೆ. ಹಳೆಯ ಪದಕದ ಆ ಕಪ್ಪಿಗೇ ಬೆಲೆಯಂತೆ, ಅಮ್ಮ. ಮಾವ ಪದಕವನ್ನು ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ ನೋಡಿದರು. ನಿನ್ನ ಅಳಿಯ ಅನೂಪ್ ಮೆಲ್ಲಗೆ ಅಂಗಳಕ್ಕೆ ಜಾರಿಕೊಂಡರು. ಮದುವೆಯಾಗಿ ಬಂದ ಐದನೇ ದಿನಕ್ಕೇ ಮಾವನ ಮನಸ್ಸು ಮುರಿದೆನಲ್ಲ ಎಂದು ನನಗೆ ಅಳು ಬಂತು.

ಅತ್ತೆ ಮಾತ್ರ, "ಚೊಲೋ ಆತು, ಈಗಾದ್ರೂ ಆ ಚೀಲದವನ ಮೋರೆ ಕಾಣ್ತು" ಎಂದರು. ಮಾವನಿಗೂ ನಗು ಬಂತು. "ಬೆಲೆ ಬಿದ್ದೋತು ಕೂಸೆ. ಪದಕ ಹೇಳ್ತಾ ಇಪ್ಪದೂ ಅದನ್ನೇಯ."

ನನ್ನ ನೆಗಡಿ ವಾಸಿಯಾಗಿದೆ, ಕುಚ್ಚಲಕ್ಕಿ ಅನ್ನವೂ ರೂಢಿಯಾಯಿತು. ಉಳಿದ ಪದಕಗಳನ್ನು ತೋರಿಸಲು ಮಾವ ಕರೆಯುತ್ತಿದ್ದಾರೆ. ಬರಿಗೈಯಲ್ಲಿ ಬರಬೇಕಂತೆ. ಹೊರಟೆ.

ನಿನ್ನ ಇಂಚರ