ಬೀಗ ಜಡಿದ ನಾಟಕಶಾಲೆ ಮತ್ತು ಬಸ್ಸಿನಲ್ಲಿ ಪಡೆದ ನನ್ನ ಸಹಿ

ಮಾನ್ಯರೇ,

ಮೊದಲು ಆ ಚಹದ ಕಪ್ಪು ಕೆಳಗಿಡಿ. ಈ ಪತ್ರದ ಮೇಲೆ ಒಮ್ಮೆ ಕಣ್ಣಾಡಿಸಿ ಗುಮಾಸ್ತರ ಮೇಜಿಗೆ ದಾಟಿಸುವ ಯೋಚನೆಯಿದ್ದರೆ ಅದನ್ನೂ ಅಲ್ಲೇ ಇಡಿ. ಪತ್ರಿಕೆಯಲ್ಲಿ ಇದನ್ನು ನೋಡಿ, ಯಾವುದೋ ಮುದುಕಿಯ ವಟವಟ ಎಂದು ಪುಟ ತಿರುಗಿಸಲಿರುವ ಉಳಿದವರಿಗೂ ಇದೇ ಮಾತು. ನಿಮ್ಮ ಮನೆಯ ಮಗುವಿನ ಹೆಸರೂ ನಾಟಕಕ್ಕೆ ಹೊರಟ ಮಕ್ಕಳ ಪಟ್ಟಿಯಲ್ಲಿರಬಹುದು, ಕೂತು ಓದಿ. ಹೊರನಾಡಿನ ಕನ್ನಡ ಮಕ್ಕಳನ್ನು ನಾಟಕಕ್ಕೆ ಕರೆದೊಯ್ಯಲು ಅನುದಾನ ಮಂಜೂರು ಮಾಡುವ ಕುರ್ಚಿ ನಿಮ್ಮದು. ಆ ಅನುದಾನದಲ್ಲಿ ಅಹಮದಾಬಾದಿಗೆ ಹೋದ ಅರವತ್ತೊಂದು ಮಕ್ಕಳನ್ನು, ಹೊರಗಿನಿಂದ ಬೀಗ ಜಡಿದ ನಾಟಕಶಾಲೆಯೊಳಗೆ ಕೂರಿಸಿದರು. ಒಳಗೆ ಹೊಗೆ ಎದ್ದಾಗಲೂ ಆ ಬೀಗ ತೆರೆಯಲಿಲ್ಲ. ಮುಂದಿನ ತಿಂಗಳ ಎರಡನೆಯ ಭಾನುವಾರ ಅದೇ ಕಟ್ಟಡಕ್ಕೆ ನೂರಿಪ್ಪತ್ತು ಮಕ್ಕಳು ಹೊರಟಿದ್ದಾರೆ. ಅವರಲ್ಲಿ ನನ್ನ ಮೊಮ್ಮಗಳು ಪೂರ್ವಿಯೂ ಒಬ್ಬಳು.

ನಾನು ನಾಲ್ಕನೆಯ ಇಯತ್ತೆ ಓದಿದವಳು. ರೋಣ ತಾಲೂಕಿನ ನಮ್ಮೂರ ಶಾಲೆಯಲ್ಲಿ ಐದನೆಯ ಇಯತ್ತೆ ಇರಲಿಲ್ಲ, ಇದ್ದರೂ ನನ್ನನ್ನು ಕಳಿಸುತ್ತಿದ್ದರು ಎಂಬ ಭ್ರಮೆ ನನಗಿಲ್ಲ. ಅಳಿಯ ಮಹೇಶನಿಗೆ ವಿಮಾ ಕಚೇರಿಯಲ್ಲಿ ಸೂರತ್ತಿಗೆ ವರ್ಗವಾದಾಗ ಮಗಳ ಜೊತೆ ಬಂದೆ. ಈಗ ಅಡಾಜಣ್‌ನಲ್ಲಿ ಐದನೆಯ ಮಹಡಿಯಲ್ಲಿದ್ದೇನೆ. ಮಕ್ಕಳ ಜೊತೆ ಒಬ್ಬ ಹಿರಿಯ ಹೆಂಗಸು ಇರಲೇಬೇಕು ಎಂದು ನಿಮ್ಮ ನಿಯಮ ಹೇಳುತ್ತದಂತೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಪುರುಸೊತ್ತಿರಲಿಲ್ಲ. ಹೀಗಾಗಿ ನಾನು ‘ಮಹಿಳಾ ಮೇಲ್ವಿಚಾರಕಿ’ಯಾದೆ. ಎದೆಗೆ ಒಂದು ಬಿಲ್ಲೆ ಸಿಕ್ಕಿಸಿದರು. ಸುಳ್ಳೇಕೆ, ಹಿಗ್ಗು ಬಂದಿತ್ತು.

ಬೆಳಗ್ಗೆ ಆರಕ್ಕೆ ಸೂರತ್ತು ಬಿಟ್ಟೆವು. ಹಜೀರಾ ಕಾಲೊನಿಯ ಮಕ್ಕಳು ನಮ್ಮೊಂದಿಗೇ ಹತ್ತಿದರು, ವಡೋದರಾದಲ್ಲಿ ಹದಿನೇಳು ಮಂದಿ ಸೇರಿದರು, ಅಹಮದಾಬಾದಿನವರು ನಾಟಕಶಾಲೆಗೇ ಬಂದರು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಶೇಷಾದ್ರಿಯವರು, ಬ್ಯಾಂಕಿನಿಂದ ನಿವೃತ್ತರಾದವರು, ಬಾಗಿಲಲ್ಲಿ ನಿಂತು ತಲೆ ಎಣಿಸಿದರು. ಒಟ್ಟು ಮೂರು ಬಾಗಿಲು. ಎರಡಕ್ಕೆ ವರ್ಷಗಳಿಂದ ಸರಪಳಿ, ಅವುಗಳ ಮುಂದೆ ನಾಟಕದವರ ಪೆಟ್ಟಿಗೆಗಳು. ಕೊನೆಯ ಮಗು ಒಳಗೆ ಬಂದದ್ದೇ ಮೂರನೆಯದಕ್ಕೂ ಹೊರಗಿನಿಂದ ಬೀಗ ಬಿತ್ತು. ಕೀಲಿಕೈ ಕಾವಲುಗಾರ ಮಂಥನಭಾಯಿಯ ಜೇಬಿನಲ್ಲಿ.

"ಯಾಕ್ರೀ ಬೀಗಾ? ಏನು ಕುರಿ ತಂದೀರೇನು?" ಎಂದು ಕೇಳಿದೆ.

"ಸ್ವಲ್ಪ ಅರ್ಥ ಮಾಡ್ಕೊಳ್ಳೀಮ್ಮ," ಎಂದರು ಶೇಷಾದ್ರಿ. "ಹೋದ ವರ್ಷ ಎಂಟು ಹುಡುಗರು ನಡುವೆ ಎದ್ದು ದಾಬೇಲಿ ತಿನ್ನೋಕೆ ಹೋಗ್ಬಿಟ್ರು. ಕೊನೇ ಫೋಟೋದಲ್ಲಿ ತಲೆ ಕಮ್ಮಿ ಬಂತು. ಕಚೇರಿಯಿಂದ ಎಂಥ ಕಾಗದ ಬಂತು ಗೊತ್ತಾ? ಮೊದಲಿನ ಎಣಿಕೆ, ಕೊನೆಯ ಎಣಿಕೆ ಒಂದೇ ಇರ್ಬೇಕು. ಇಲ್ದಿದ್ರೆ ಸಂಘದ ಹೆಸರೇ ತೆಗೆದುಹಾಕ್ತಾರಂತೆ."

ಕೇಳಿಸಿತೇ, ಮಾನ್ಯರೇ? ಶೇಷಾದ್ರಿಯವರು ಕೆಟ್ಟವರಲ್ಲ, ನಿಮಗೆ ಹೆದರಿದವರು. ಬೀಗ ಹಾಕಿದ ಕೈ ಅವರದು, ಹಾಕಿಸಿದ ಕಾಗದ ನಿಮ್ಮದು. ಒಂದು ಮಗು ನಾಟಕ ನೋಡಿತೋ, ನಕ್ಕಿತೋ, ಮನೆಗೆ ಬಂದು ಎರಡು ಕನ್ನಡ ಮಾತು ಹೆಚ್ಚು ಆಡಿತೋ ಎಂದು ಕೇಳಲು ನಿಮ್ಮ ನಮೂನೆಯಲ್ಲಿ ಒಂದು ಗೆರೆಯೂ ಇಲ್ಲ. ತಲೆ ಎಷ್ಟು ಎಂದು ಮಾತ್ರ ಇದೆ. ಸಂತೆಯಲ್ಲಿ ದನ ಕೊಳ್ಳುವವನಾದರೂ ಹಲ್ಲು ನೋಡುತ್ತಾನೆ.

ನಾಟಕ ಚೆನ್ನಾಗಿಯೇ ಇತ್ತು. ಕೋಟೆ, ಮುತ್ತಿಗೆ, ರಾಜ, ರಾಣಿ. ಪೂರ್ವಿಗೆ ಅರ್ಧ ಮಾತು ತಿಳಿಯದು, ನನ್ನ ಸೆರಗು ಜಗ್ಗಿ ಜಗ್ಗಿ ಕೇಳುತ್ತಿದ್ದಳು.

"ಅಜ್ಜಿ, ಅಂತಃಪುರ ಮತ್ಲಬ್?"

"ರಾಣ್ಯಾರನ್ನ ಕೂಡಿಹಾಕೋ ಮನಿ."

"ಅವ್ರಿಗೆ ಬಾತ್‌ರೂಮ್‌ಗೆ ಹೋಗ್ಬೇಕಾದ್ರೆ ತೋ?"

"ರಾಜನ್ನ ಕೇಳಬೇಕು. ಬಾಯಿ ಮುಚಗೊಂಡು ನೋಡು."

ಕೋಟೆಯ ಬಾಗಿಲನ್ನು ಸೈನಿಕರು ಒಡೆಯುವ ಹೊತ್ತಿಗೆ ಸುಟ್ಟ ರಬ್ಬರಿನ ವಾಸನೆ ಬಂತು. ವೇದಿಕೆಯ ಪಕ್ಕದ, ದೀಪಗಳ ಸ್ವಿಚ್ಚಿನ ಹಲಗೆಯಿಂದ ಹೊಗೆ ಹೊರಟಿತು. ದೀಪಗಳೆಲ್ಲ ಒಮ್ಮೆಲೇ ಹೋದವು. ಮಕ್ಕಳು ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು. ಇದೂ ನಾಟಕದ್ದೇ ಎಂದುಕೊಂಡರು. ಕಿರೀಟ ಹಾಕಿಕೊಂಡಿದ್ದ ರಾಜ "ಎದ್ದು ಬಾಗಿಲಿಗೆ ಹೋಗಿ, ಎದ್ದು ಹೋಗಿ" ಎಂದು ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಮೊದಲ ಸಾಲಿನ ಮಕ್ಕಳು ಕೆಮ್ಮತೊಡಗಿದ ಮೇಲೆ ಅದು ನಿಂತಿತು. ಆಮೇಲಿನ ಸದ್ದನ್ನು ನಾನು ಬರೆಯಲಾರೆ.

ಬಾಗಿಲು ಬಡಿದೆವು. ರಾಜ ಬಡಿದ, ಸೈನಿಕರು ಬಡಿದರು, ಶೇಷಾದ್ರಿಯವರು ಎರಡೂ ಕೈಯಿಂದ ಬಡಿದರು. ಮಂಥನಭಾಯಿ ರಸ್ತೆಯಾಚೆಯ ಚಹದ ಗಾಡಿಯ ಹತ್ತಿರ ಕೂತು ಎಲ್ಲವನ್ನೂ ಕೇಳುತ್ತಿದ್ದ. "ದಾದೀ, ಮುಝೆ ಲಗಾ ಲಡಾಯಿ ಕಾ ಸೀನ್ ಹೈ," ಎಂದು ಆಮೇಲೆ ನನ್ನೆದುರು ಕೈ ಮುಗಿದ. ಯುದ್ಧದ ದೃಶ್ಯ ಎಂದುಕೊಂಡನಂತೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೆಳಗಿನ ತಾಲೀಮಿನಲ್ಲೂ ಅವನು ಅದೇ ಬಡಿತ ಕೇಳಿದ್ದ.

ಒಂಬತ್ತು ನಿಮಿಷ. ಪೂರ್ವಿಯ ಮೊಬೈಲು ಹೇಳಿದ ಲೆಕ್ಕ. ಅಹಮದಾಬಾದಿನದೇ ವಟ್ವಾದಿಂದ ಬಂದಿದ್ದ ಪ್ರಾರ್ಥನಾ ಎಂಬ ಹನ್ನೆರಡು ವರ್ಷದ ಹುಡುಗಿಗೆ ಉಬ್ಬಸ. ಅವಳ ತಂದೆ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವಳು ಉಸಿರಿಗೆ ಹೀರುವ ಔಷಧಿ ಚೀಲದಲ್ಲಿತ್ತು, ಚೀಲ ಹೊರಗಿತ್ತು. ಚೀಲ ಒಳಗೆ ತರಬಾರದೆಂಬುದೂ ಒಂದು ನಿಯಮ. ಅವಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುವುದನ್ನು ಮೊಬೈಲಿನ ಬೆಳಕಿನಲ್ಲಿ ನೋಡಿದೆ. ಯಾರೋ ಕಡೆಗೆ ಎತ್ತರದ ಸಣ್ಣ ಕಿಟಕಿಯ ಗಾಜು ಒಡೆದು ಕೂಗಿದ ಮೇಲೆ ಮಂಥನಭಾಯಿ ಓಡಿ ಬಂದ. ಯಾರೂ ಸಾಯಲಿಲ್ಲ. ನಿಮ್ಮ ಕಚೇರಿಯಲ್ಲಿ ಇದಕ್ಕೆ ‘ಏನೂ ಆಗಲಿಲ್ಲ’ ಎನ್ನುತ್ತಾರೆಂದು ಈಗ ತಿಳಿದಿದೆ. ಕೋಚಿಂಗ್ ಕ್ಲಾಸಿನ ಬೆಂಕಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಕಳೆದುಕೊಂಡ ಸೂರತ್ತಿನಲ್ಲಿ ಮಕ್ಕಳನ್ನು ಸಾಕುವವರಿಗೆ ಬೆಂಕಿ ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಗಳದಲ್ಲಿ ಪ್ರಾರ್ಥನಾ ಇನ್ನೂ ಏದುಸಿರು ಬಿಡುತ್ತಿದ್ದಳು. ಆಗ ಶೇಷಾದ್ರಿಯವರು "ಎಲ್ಲರೂ ಒಂದ್ಸಲ ನಿಂತುಬಿಡಿ ಮಕ್ಕಳಾ, ಫೋಟೋ ಆಗ್ಲಿ," ಎಂದರು. ಅರವತ್ತೊಂದು ತಲೆ ಸರಿಯಾಗಿ ಬಂತು. ಆ ಚಿತ್ರ ನಿಮ್ಮ ಕಡತದಲ್ಲಿದೆ, ತೆಗೆದು ನೋಡಿ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಒಂದು ಹುಡುಗಿಯನ್ನು ತಬ್ಬಿಕೊಂಡಿದ್ದಾಳೆ. ನೋಡಿದವರಿಗೆ ಅದು ಅಕ್ಕರೆ. ಬಿಟ್ಟರೆ ಆ ಹುಡುಗಿ ಬೀಳುತ್ತಿದ್ದಳು.

ಇಷ್ಟು ನಿಮ್ಮ ತಪ್ಪು. ಇನ್ನು ನನ್ನದು.

ಕಳೆದ ವಾರ ಸಂಘದ ಸಭೆಯಲ್ಲಿ ನಿಮ್ಮ ಪತ್ರ ಓದಿದರು. ವರದಿ ಅತ್ಯುತ್ತಮವಾಗಿತ್ತಂತೆ, ಅದಕ್ಕೇ ಈ ಸಲ ಮಕ್ಕಳು ಹೆಚ್ಚುಕಡಿಮೆ ಇಮ್ಮಡಿ. ನನ್ನ ಹೆಸರು ಕೇಳಿಬಂತು, ಜನ ನನ್ನತ್ತ ತಿರುಗಿ ಕೈತಟ್ಟಿದರು. ವರದಿಯ ಪ್ರತಿಯನ್ನು ಮನೆಗೆ ತಂದು ಪೂರ್ವಿಯ ಕೈಗೆ ಕೊಟ್ಟೆ. ಕನ್ನಡ ಉಳಿಸಲೆಂದು ಕೊಟ್ಟ ಅನುದಾನದ ವರದಿ ಇಂಗ್ಲಿಷಿನಲ್ಲಿ ಇರುವುದು ಎಷ್ಟು ಶೋಭೆಯೋ ನೀವೇ ಹೇಳಬೇಕು. ಅವಳು ಓದಿ ಹೇಳಿದಳು: ಬಾಗಿಲು, ಗಾಳಿ, ಬೆಳಕು, ಸುರಕ್ಷತೆ ಎಲ್ಲವನ್ನೂ ಮಹಿಳಾ ಮೇಲ್ವಿಚಾರಕಿ ಖುದ್ದಾಗಿ ಪರೀಕ್ಷಿಸಿದ್ದಾರೆ, ಎಲ್ಲವೂ ತೃಪ್ತಿಕರ. ಕೆಳಗೆ ನನ್ನ ಸಹಿ.

"ಅಜ್ಜಿ, ನೀ ಯಾವಾಗ ಚೆಕ್ ಮಾಡಿದೀ?"

ಮಾಡಿರಲಿಲ್ಲ. ಆ ಸಹಿ ನಾನು ಹಾಕಿದ್ದು ಭರೂಚ್‌ನ ಹತ್ತಿರ, ಬಸ್ಸು ಓಡುತ್ತಿದ್ದಾಗ, ಬೆಳಗಿನ ತಿಂಡಿಯ ಪೊಟ್ಟಣದ ಜೊತೆಗೆ. ವಾಪಸು ಬರುವಾಗ ಎಲ್ಲರೂ ನಿದ್ದೆ ಹೋಗುತ್ತಾರೆಂದು ಸಂಘದವರು ಸಹಿಗಳನ್ನೆಲ್ಲ ಹೋಗುವಾಗಲೇ ಪಡೆದುಬಿಡುತ್ತಾರೆ. ಪ್ರತಿ ವರ್ಷದ ಪದ್ಧತಿಯಂತೆ. ಪಕ್ಕದ ಸೀಟಿನ ಹುಡುಗಿ ಹೆಬ್ಬೆಟ್ಟಿಗೆ ಶಾಯಿ ಬೇಕೇ ಎಂದು ಕೇಳಿದಳು. ನನಗೆ ರೇಗಿತು. ಪೆನ್ನು ಕಸಿದುಕೊಂಡು, ಬಸ್ಸು ಕುಲುಕಿದರೂ ಒಂದಕ್ಷರ ಸೊಟ್ಟಗಾಗದಂತೆ ಬರೆದೆ. ಕಾಗದದಲ್ಲಿ ಏನಿದೆ ಎಂದು ಮಾತ್ರ ಕೇಳಲಿಲ್ಲ. ನಾಟಕ ಇನ್ನೂ ಶುರುವಾಗಿರಲಿಲ್ಲ. ಬೀಗವನ್ನು ನಾನಿನ್ನೂ ನೋಡಿರಲಿಲ್ಲ. ಎಲ್ಲ ಸರಿಯಿತ್ತೆಂದು ಆಗಲೇ ಸಾಕ್ಷಿ ಹೇಳಿದ್ದೆ. ಈಗ ನೂರಿಪ್ಪತ್ತು ಮಕ್ಕಳು ಆ ಬಾಗಿಲೊಳಗೆ ಹೋಗುವುದು ನನ್ನ ಅಕ್ಷರ ನಂಬಿಕೊಂಡು.

ಶೇಷಾದ್ರಿಯವರ ಮನೆಗೆ ಹೋಗಿ ಜಗಳಾಡಿದೆ. "ನಿಯಮ ಬದಲಾಯಿಸೋಕೆ ನಾನ್ಯಾರಮ್ಮ? ಮೇಲಿನವರು ಒಂದು ಸಾಲು ಬರೆದುಕೊಟ್ರೆ ಬೀಗ ಮುಟ್ಟೋದೂ ಇಲ್ಲ," ಎಂದರು. ಅವರ ಫೋನಿನಿಂದಲೇ ಮಂಥನಭಾಯಿಯನ್ನು ಮಾತಾಡಿಸಿದೆ. ಆ ಹಲಗೆಯ ತಂತಿಗಳಿಗೆ ಟೇಪು ಸುತ್ತಿದ್ದಾರಂತೆ, ಅಷ್ಟೇ. ಮೊದಲೂ ಎರಡು ಸಲ ಹೊಗೆಯಾಡಿತ್ತಂತೆ. "ಅಬ್ ಗರ್ಮೀ ಹೈ ದಾದೀ, ಏಸಿ ದಿನ್‌ಭರ್ ಚಲೇಗಾ," ಎಂದ. ಈ ಬೇಸಿಗೆಯಲ್ಲಿ ಏಸಿ ದಿನವಿಡೀ ಓಡಿದರೆ ಆ ತಂತಿಗಳ ಮೇಲೆ ಭಾರ ಇನ್ನೂ ಹೆಚ್ಚು.

ಪೂರ್ವಿಯನ್ನು ಕಳಿಸಬೇಡ ಎನ್ನುವಿರಿ. ನಾನು ಒಬ್ಬಳನ್ನು ತಡೆಯಬಹುದು. ಉಳಿದ ನೂರಾ ಹತ್ತೊಂಬತ್ತು ಮಕ್ಕಳ ಅಜ್ಜಿಯರು ಬಾಗಿಲು ನೋಡಿಲ್ಲ, ವರದಿಯನ್ನು ನೋಡಿದ್ದಾರೆ.

ಆದ್ದರಿಂದ ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಆ ವರದಿಯಿಂದ ನನ್ನ ಸಹಿಯನ್ನು ಹೊಡೆದುಹಾಕಿ, ಅದು ಸುಳ್ಳೆಂದು ಪಕ್ಕದಲ್ಲಿ ಬರೆಯಿರಿ. ಎರಡು ಎಣಿಕೆ ಒಂದೇ ಇರಬೇಕೆಂಬ ನಿಯಮವನ್ನು ತೆಗೆಯಿರಿ. ಹತ್ತು ಮಕ್ಕಳು ಎದ್ದು ಹೋಗಿ ದಾಬೇಲಿ ತಿಂದರೆ ತಿನ್ನಲಿ. ಮೂರೂ ಬಾಗಿಲು ತೆರೆದಿರದ, ತಂತಿ ಬದಲಾಯಿಸದ ಕಟ್ಟಡಕ್ಕೆ ಒಂದು ಮಗುವೂ ಹೋಗಕೂಡದೆಂದು ಆಜ್ಞೆ ಹೊರಡಿಸಿ. ಮುಂದಿನ ತಿಂಗಳು ಹುಟ್ಟುವ ಮೊದಲು ನನಗೆ ಉತ್ತರ ಬರಬೇಕು. ಕನ್ನಡದಲ್ಲಿ ಬರೆಯಿರಿ, ಪೂರ್ತಿ ಓದಿದ ಮೇಲೆಯೇ ಮುಟ್ಟಿತೆಂದು ಸಹಿ ಮಾಡುತ್ತೇನೆ.

ಇಂತಿ,
ನಿಮ್ಮ ಕಡತದ ಪ್ರಕಾರ ಎಲ್ಲವನ್ನೂ ಪರೀಕ್ಷಿಸಿದವಳು, ನಿಜಕ್ಕೂ ತಿಂಡಿ ತಿನ್ನುತ್ತ ಕೂತಿದ್ದವಳು,
ತುಂಗಾ
ಅಡಾಜಣ್, ಸೂರತ್