ತಾತನ ಬೀಗ

ಸ್ವರ್ಗವಾಸಿ ತಾತನ ಸನ್ನಿಧಿಗೆ ತರಲೆ ಮೊಮ್ಮಗನ ಗಂಭೀರ ವರದಿ.

ನೀನು ಕಾವಲಿದ್ದ ಚರ್ಚಿನಲ್ಲಿ ಈಗ ಎರಡು ಗುಂಪು: ಹಳೇ ಹಾಡಿನವರು, ಗಿಟಾರಿನವರು. ಒಬ್ಬರು ಹೊರಬಂದ ಮೇಲೆಯೇ ಇನ್ನೊಬ್ಬರು ಒಳಗೆ. ನೋಡಿ ನೋಡಿ ಸಾಕಾಗಿ, ಇವತ್ತು ಬೆಳಿಗ್ಗೆ ಬಾಗಿಲಿಗೆ ನಿನ್ನ ಹಳೇ ಬೀಗ ಜಡಿದುಬಿಟ್ಟೆ. ಮೊದಲಿನವರು ಮೆಟ್ಟಿಲ ಮೇಲೆ ಕಾಯುತ್ತಿದ್ದಂತೆಯೇ ಎರಡನೆಯವರೂ ಬಂದರು.

“ಇದು ನಿಮ್ಮವರದೇ ಕಿತಾಪತಿ!”

“ಬಿಸಿಲಲ್ಲಿ ಬೇಯೋಕೆ ನಮಗೇನ್ರೀ ಹುಚ್ಚಾ?”

ಕಿರುಚಿ ಸುಸ್ತಾದ ಮೇಲೆ ಟೈಲರ್ ಅತ್ತೆ ಅಲ್ಲೇ ಪ್ರಾರ್ಥನೆ ಶುರು ಮಾಡಿದರು. ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು, ತಾತ, ನಿನ್ನ ಕಾಲದ ಹಾಗೆ. ಆಮೆನ್ ಅಂದದ್ದೇ ತಡ, ಬೀಗ ಒಡೆಯುವವನನ್ನು ಯಾರು ಕರೆಸಬೇಕೆಂದು ಮತ್ತೆ ಜಗಳ.

ಕೀಲಿಕೈ ನನ್ನ ಜೇಬಿನಲ್ಲೇ ಇದೆ. ಕಿವಿ ಹಿಂಡಿ ಕೇಳಲು ನೀನಿದ್ದಿದ್ದರೆ ಆಗಲೇ ಕೊಟ್ಟುಬಿಡುತ್ತಿದ್ದೆ.